ನಾಲ್ಕು ಎಕರೆ ಬೈಲುಗದ್ದೆ

ಹುಡುಗನ ಮನೆ ನೋಡಲು ಹುಡುಗಿಯೇ ಹೋಗುವ ಪದ್ಧತಿ ದೇವಪ್ಪನ ಕಡೆ ಇಲ್ಲ. ಹುಡುಗ ಬಂದು ಹುಡುಗಿಯನ್ನು ನೋಡಿ ಹೋಗಬೇಕು. ಒಪ್ಪಿಗೆಯಾದರೆ ಹುಡುಗಿ ಕಡೆಯ ಗಂಡಸರು ಹೋಗಿ ಮನೆ, ಬಾವಿ, ಕೊಟ್ಟಿಗೆ, ಜಮೀನು ನೋಡಿಕೊಂಡು ಬರಬೇಕು. ಹುಡುಗಿ ಮನೆಯಲ್ಲಿ ಕೂತು ಅವರ ದಾರಿ ಕಾಯಬೇಕು. ಹಾಗಿರುವಾಗ ಗುರುವಾರ ಬೆಳಿಗ್ಗೆ ಮಗಳು ಭವ್ಯ ಕೆಲಸದ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಎಲ್ಲರಿಗಿಂತ ಮೊದಲು ಓಮ್ನಿ ಹತ್ತಿ ಕೂತದ್ದನ್ನು ಕಂಡು ದೇವಪ್ಪ ಓಡಿಬಂದು ಗಾಡಿಯ ಬಾಗಿಲು ಹಿಡಿದು ನಿಂತ.

“ನೀನೆಲ್ಲಿಗೆ?”

“ಎನ್.ಆರ್.ಪುರಕ್ಕೆ.”

“ಜನ ಎಂತ ಅಂದಾರು ಮಾರಾಯ್ತಿ?”

“ಆ ಮನೇಲಿ ಇರ್ಬೇಕಾದೋಳು ನಾನು. ನೀನು ಬಾವಿ ನೋಡು ಅಪ್ಪ, ಉಳಿದದ್ದು ನಾನು ನೋಡ್ತೀನಿ.”

ಓಮ್ನಿ ಸಂತೋಷನದು. ದೇವಪ್ಪನ ತಂಗಿಯ ಮಗ. ಈ ಸಂಬಂಧ ಹುಡುಕಿದವನೂ ಅವನೇ. “ಬರ್ಲಿ ಬಿಡಿ ಮಾವ, ಈಗೆಲ್ಲ ಹಂಗೇ,” ಎಂದು ಅವನು ಗಾಡಿ ಚಾಲೂ ಮಾಡಿದ. ದೇವಪ್ಪ ಮುಂದಿನ ಸೀಟಿನಲ್ಲಿ ಕೂತು, ತಮ್ಮೂರು ಹರಿಹರಪುರ ದಾಟುವವರೆಗೆ ಪರಿಚಯದವರ ಕಣ್ಣಿಗೆ ಬೀಳಬಾರದೆಂದು ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಲೇ ಇದ್ದ.

ಭವ್ಯಳಿಗೆ ಇಪ್ಪತ್ತೆಂಟು. ಐದು ವರ್ಷದಿಂದ ಕೊಪ್ಪ ತಾಲ್ಲೂಕಿನಲ್ಲಿ ಲೈಸೆನ್ಸ್ ಪಡೆದ ಸರ್ವೆಯರ್. ಜನರ ಜಮೀನು ಅಳೆದು, ಗಡಿ ತೋರಿಸಿ, ನಕ್ಷೆ ಮಾಡಿ ಕೊಡುವುದು ಅವಳ ಕೆಲಸ. ಆ ಕೆಲಸ ಅವಳಿಗೆ ಕಲಿಸಿದ್ದು ಒಂದೇ ಪಾಠ: ಜಮೀನಿನ ವಿಷಯದಲ್ಲಿ ಯಾರ ಮಾತನ್ನೂ ನಂಬಬಾರದು, ದಾಖಲೆ ನೋಡಬೇಕು. ಹಾಗಾಗಿ “ಹುಡುಗನಿಗೆ ಎನ್.ಆರ್.ಪುರ ಪೇಟೇಲಿ ಪಂಪು ರಿಪೇರಿ ಅಂಗಡಿ, ಊರಲ್ಲಿ ನಾಲ್ಕು ಎಕರೆ ಬೈಲುಗದ್ದೆ” ಎಂದು ಸಂತೋಷ ಹೇಳಿದ ಮಾರನೆಯ ದಿನವೇ ಅವಳು ಆಫೀಸಿನಲ್ಲಿ ಕೂತು ಆ ಮನೆಯವರ ಹೆಸರಿನ ಪಹಣಿ ತೆಗೆಸಿದ್ದಳು. ಮನೆಯಡಿ, ಹಿತ್ತಲು ಸೇರಿ ಹನ್ನೆರಡು ಗುಂಟೆ ಇತ್ತು. ಗದ್ದೆ ಇರಲಿಲ್ಲ. ಒಂದು ಗುಂಟೆಯೂ ಇರಲಿಲ್ಲ.

ಇದನ್ನು ಅವಳು ಅಪ್ಪನಿಗೆ ಹೇಳಲಿಲ್ಲ. ಹೇಳಿದ್ದರೆ ಸಂಬಂಧ ಫೋನಿನಲ್ಲೇ ಮುಗಿಯುತ್ತಿತ್ತು. ಹುಡುಗ ಅವಿನಾಶ ಅವಳನ್ನು ನೋಡಲು ಬಂದಾಗ “ಅಡಿಕೆಗೆ ಔಷಧಿ ಹೊಡೆಯೋ ಪಂಪು ಕೆಟ್ರೆ ಸರಿ ಮಾಡ್ತೀನಿ, ಬೇರೆ ಏನೂ ಅಷ್ಟಾಗಿ ಬರಲ್ಲ” ಎಂದಿದ್ದ. ಹೆಣ್ಣು ನೋಡಲು ಬಂದು ತನಗೇನು ಬರುವುದಿಲ್ಲ ಎಂದು ಹೇಳಿದ ಮೊದಲನೆಯವನು ಅವನು. ಅವಳಿಗೆ ಅವನು ಹಿಡಿಸಿದ್ದ. ಅಂಥವನು ಇಲ್ಲದ ನಾಲ್ಕು ಎಕರೆ ಇದೆಯೆಂದು ಹೇಳಿಸಿದ್ದರೆ, ಅದನ್ನು ಅವನ ಮುಖ ನೋಡಿಕೊಂಡೇ ಕೇಳಬೇಕು, ಕೇಳಿ ಎದ್ದು ಬರಬೇಕು ಎಂದು ಅವಳು ತೀರ್ಮಾನಿಸಿದ್ದಳು. ಓಮ್ನಿ ಹತ್ತಿದ್ದು ಅದಕ್ಕೆ.

ಎನ್.ಆರ್.ಪುರ ಸೇರುವಾಗ ಹತ್ತು ಗಂಟೆ. ಬಸ್‌ಸ್ಟ್ಯಾಂಡಿನಲ್ಲಿ ಒಂದು ಬಸ್ಸು ನಿಂತಿತ್ತು. ಡ್ರೈವರು ಕೆಳಗೆ ನಿಂತು ಎಳನೀರು ಕುಡಿಯುತ್ತಿದ್ದ. ಯಾರಿಗೂ ಎಲ್ಲಿಗೂ ಹೋಗುವ ಅವಸರವಿಲ್ಲದ ಪೇಟೆ. ಬಾಳೆಹಣ್ಣು, ಹೂವು ತೆಗೆದುಕೊಳ್ಳಲು ಇಳಿದಾಗ ಎದುರಿಗೆ ಅವಿನಾಶನ ಅಂಗಡಿ ಕಂಡಿತು. ಬಾಗಿಲು ಹಾಕಿತ್ತು. ಶಟರಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು: ‘ಮನೆಗೆ ನೆಂಟರು ಬರುತ್ತಾರೆ. ಅರ್ಜೆಂಟ್ ಇದ್ದವರು ನಾಳೆ ಬನ್ನಿ.’

ಹೂವಿನವಳು ಭವ್ಯಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. “ಆ ನೆಂಟರು ನೀವೇನಾ?”

“ಇವಳಲ್ಲ, ನಾವು,” ಎಂದ ದೇವಪ್ಪ. ಹೂವಿನವಳು ನಕ್ಕು ಒಂದು ಮೊಳ ಹೆಚ್ಚಿಗೆ ಕೊಟ್ಟಳು.

ಪೇಟೆ ದಾಟಿ ಮೂರು ಕಿಲೋಮೀಟರ್ ಹೋದ ಮೇಲೆ ಮನೆ. ಭದ್ರಾ ಅಣೆಕಟ್ಟಿನ ಹಿನ್ನೀರಿನ ದಂಡೆ ಅದು. ಏಳೆಂಟು ಮನೆಗಳ ಸಣ್ಣ ಊರು. ಮನೆಯ ಎದುರು ಸಮುದ್ರದ ಹಾಗೆ ನೀರು ಎಂದು ಸಂತೋಷ ದಾರಿಯುದ್ದಕ್ಕೂ ಹೇಳುತ್ತಾ ಬಂದಿದ್ದ. ಆದರೆ ಇದು ಮೇ ತಿಂಗಳು. ನೀರು ಹಿಂದೆ ಸರಿದು ಎಷ್ಟೋ ದೂರದಲ್ಲಿ ಬೆಳ್ಳಗೆ ಪಟ್ಟಿಯ ಹಾಗೆ ಕಾಣುತ್ತಿತ್ತು. ಅಲ್ಲಿಯವರೆಗೆ ಇಳಿಜಾರಿನಲ್ಲಿ ಹಸಿರು ಹುಲ್ಲು, ಮೇಯುತ್ತಿದ್ದ ಎಮ್ಮೆಗಳು, ಅಲ್ಲಲ್ಲಿ ಮುಳುಗಿ ಸತ್ತ ಮರಗಳ ಕಪ್ಪು ಬೊಡ್ಡೆಗಳು.

ಅವಿನಾಶ, ಅವನ ತಾಯಿ ಯಮುನಮ್ಮ, ಅವನ ಅಪ್ಪನ ತಾಯಿ ನೀಲಾಂಬಿಕೆ, ಇಷ್ಟೇ ಜನ ಮನೆಯಲ್ಲಿ. ಅವಿನಾಶನ ಅಪ್ಪ ತೀರಿಹೋಗಿ ಹತ್ತು ವರ್ಷವಾಗಿತ್ತು. ಓಮ್ನಿಯಿಂದ ಹುಡುಗಿಯೂ ಇಳಿದದ್ದನ್ನು ಕಂಡು ಯಮುನಮ್ಮ ಗಾಬರಿಯಾಗಿ ಒಳಗೆ ಓಡಿ, ಸೀರೆ ಸರಿಮಾಡಿಕೊಂಡು ಮತ್ತೆ ಹೊರಗೆ ಬಂದರು. ಅಜ್ಜಿಗೆ ಗಾಬರಿಯೇನೂ ಆಗಲಿಲ್ಲ. ಎಂಬತ್ತರ ಹತ್ತಿರದ ಹೆಂಗಸು, ಜಗಲಿಯ ಕಂಬಕ್ಕೆ ಒರಗಿ ನೀರಿನ ಕಡೆಗೆ ಮುಖ ಮಾಡಿ ಕೂತಿದ್ದಳು.

“ಹುಡುಗಿನೂ ಬಂದ್ಲಾ? ಒಳ್ಳೇದಾಯ್ತು. ಗಂಡಸರಿಗೆ ಮನೆ ನೋಡೋಕೆ ಎಲ್ಲಿ ಬರ್ತದೆ? ಹೆಂಚು ಎಣಿಸಿ ಹೋಗ್ತಾರೆ.”

ಕೇಸರಿಬಾತು ಬಂತು. ದೇವಪ್ಪ ತಟ್ಟೆಯನ್ನು ಪಕ್ಕಕ್ಕೆ ಇಟ್ಟ. “ತಿಂಡಿಗೆ ಎಂತ ಅವಸರ? ಮೊದ್ಲು ಗದ್ದೆ ನೋಡ್ಕಂಡು ಬರಾಣ.”

“ಗದ್ದೆ ಇಲ್ಲಿಂದಲೇ ಕಾಣ್ತದಲ್ಲ,” ಎಂದಳು ಅಜ್ಜಿ.

ದೇವಪ್ಪ ಎದ್ದು ನಿಂತು ಆಚೆ ಈಚೆ ನೋಡಿದ. “ಎಲ್ಲಿ?”

“ಅಗೋ, ಆ ಎಮ್ಮೆ ನಿಂತಿದೆಯಲ್ಲ, ಅಲ್ಲಿಂದ ನೀರಿನ ತನಕ. ನೀರಿನೊಳಗೂ ಒಂಚೂರು ಇದೆ.”

“ಅದು ಡ್ಯಾಮಿನ ಜಾಗ ಅಲ್ವಾ?”

“ಡ್ಯಾಮು ನಿನ್ನೆ ಮೊನ್ನೆ ಬಂದಿದ್ದು. ಗದ್ದೆ ನಮ್ಮ ಮಾವನ ಅಪ್ಪನ ಕಾಲದ್ದು.”

“ಅಲ್ಲಮ್ಮ, ಮಳೆಗಾಲದಲ್ಲಿ?”

“ಮಳೆಗಾಲದಲ್ಲಿ ನೀರು ಆ ಹಲಸಿನ ಮರದ ಬುಡಕ್ಕೆ ಬರ್ತದೆ.”

“ಮತ್ತೆ ಭತ್ತ?”

“ಅರವತ್ತು ವರ್ಷದಿಂದ ಬೆಳೆದಿಲ್ಲ,” ಎಂದಳು ಅಜ್ಜಿ, ಮಾಮೂಲಿ ಸಂಗತಿ ಹೇಳುವ ಹಾಗೆ. “ನಾನು ಈ ಮನೆಗೆ ಬಂದ ಮೇಲೆ ಮೂರು ಸುಗ್ಗಿ ಮಾಡಿದೀನಿ ಆ ಗದ್ದೇಲಿ. ಒಳ್ಳೆ ಗದ್ದೆ. ಸುಳ್ಳು ಹೇಳ್ಬಾರ್ದು.”

ದೇವಪ್ಪನ ಕಿವಿ ಕೆಂಪಾಯಿತು. ಅವನು ಸಂತೋಷನ ಕಡೆಗೆ ತಿರುಗಿದ. ಸಂತೋಷ ಆಗಲೇ ಕೇಸರಿಬಾತು ಬಾಯಿಗೆ ಹಾಕಿಕೊಂಡಿದ್ದ. ನುಂಗಲೂ ಆಗದೆ ಉಗುಳಲೂ ಆಗದೆ ಕೂತಿದ್ದ.

“ನೋಡಿದ್ಯೇನೋ ಗದ್ದೆನ?”

“ಮಾವ, ಎಷ್ಟು ಗದ್ದೆ ಅಂತ ಕೇಳ್ದೆ, ಅಜ್ಜಿ ನಾಲ್ಕು ಎಕರೆ ಅಂದ್ರು. ನೀರೊಳಗಾ ಹೊರಗಾ ಅಂತ ಕೇಳ್ಬೇಕು ಅನ್ನೋದು ನಂಗೇನು ಗೊತ್ತು?”

“ನೀರಿಗೆ ಹೆಣ್ಣು ಕೊಡಕ್ಕಾಗ್ತದೇನೋ?”

ಯಮುನಮ್ಮ ಸೆರಗಿನ ತುದಿ ಹಿಡಿದುಕೊಂಡು ಬಾಗಿಲಲ್ಲೇ ನಿಂತರು. ಅವರು ಮೋಸ ಮಾಡುವ ಹೆಂಗಸಲ್ಲ ಎಂಬುದು ಅವರ ಮುಖದಲ್ಲೇ ಇತ್ತು. ಆ ಊರಿನಲ್ಲಿ ಎಲ್ಲರೂ ಗದ್ದೆಯ ಲೆಕ್ಕ ಹೇಳುವುದು ಹೀಗೆಯೇ. ಅಲ್ಲಿಯವರ ನಡುವೆ ಅದರಿಂದ ಯಾರಿಗೂ ಗೊಂದಲವಾಗಿರಲಿಲ್ಲ. ಹೊರಗಿನವನೊಬ್ಬ ಬಂದು ಕೇಳಿದಾಗ ಉತ್ತರ ಬೇರೆ ಕೊಡಬೇಕು ಎಂದು ಅಜ್ಜಿಗೆ ಹೊಳೆದಿರಲಿಲ್ಲ, ಅಷ್ಟೆ. ಆದರೆ ಅವಿನಾಶನಿಗೆ? ಅವನು ಪೇಟೆಯಲ್ಲಿ ಅಂಗಡಿ ಇಟ್ಟವನು. ಭವ್ಯ ನೇರವಾಗಿ ಅವನನ್ನೇ ಕೇಳಿದಳು.

“ನಾಲ್ಕು ಎಕರೆ ಅಂತ ನಮ್ಮ ಮನೇಲಿ ಹೇಳಿದ್ದು ನಿಮಗೆ ಗೊತ್ತಿತ್ತಾ?”

“ಇಲ್ಲ. ಈಗ ಗೊತ್ತಾಯ್ತು.”

“ಪಹಣೀಲಿ ನಿಮ್ಮ ಹೆಸರಲ್ಲಿ ಹನ್ನೆರಡು ಗುಂಟೆ ಇದೆ.”

ದೇವಪ್ಪ ಮಗಳನ್ನು ನೋಡಿದ. “ನಿಂಗೆ ಮೊದ್ಲೇ ಗೊತ್ತಿತ್ತಾ?”

“ಗೊತ್ತಿತ್ತು. ನೀನು ಸುಮ್ನಿರು ಅಪ್ಪ.”

ಅವಿನಾಶ ಕೈಕಟ್ಟಿ ನಿಂತ. ಕೈಯ ಗೆರೆಗಳಲ್ಲಿ ಎಷ್ಟು ತೊಳೆದರೂ ಹೋಗದ ಗ್ರೀಸು ಇತ್ತು. “ಹನ್ನೆರಡು ಗುಂಟೆ ನಿಜ. ನಾನು ಅಂಗಡಿಯಿಂದ ಬದುಕೋನು, ಗದ್ದೆ ತೋರ್ಸಿ ಹೆಣ್ಣು ಕೇಳಿಲ್ಲ. ನಿಮಗೆ ತಪ್ಪು ತಿಳಿವಳಿಕೆ ಆಗಿದ್ರೆ ತಪ್ಪು ನಮ್ಮದೇ, ಸರಿಯಾಗಿ ಹೇಳ್ಬೇಕಿತ್ತು.”

“ಹಂಗಾದ್ರೆ ಆ ಗದ್ದೆ ನಿಮ್ಮದಲ್ಲ ಅಂತ ಒಪ್ಕೊಳ್ಳಪ್ಪ,” ಎಂದ ದೇವಪ್ಪ. “ಮುಗೀತು. ಕಾಫಿ ಕುಡ್ದು ಏಳ್ತೀವಿ.”

“ಅದನ್ನ ಹೇಳಲ್ಲ.”

“ಎಂತ?”

“ಗದ್ದೆ ನಮ್ಮದೇ. ಬೆಳೆಯಕ್ಕಾಗಲ್ಲ, ಮಾರಕ್ಕಾಗಲ್ಲ, ಸಾಲ ಹುಟ್ಟಲ್ಲ, ಸರ್ಕಾರದ ಕಾಗದದಲ್ಲಿ ಇಲ್ಲ. ಆದ್ರೆ ನಮ್ಮದೇ. ನೀವು ಹೆಣ್ಣು ಕೊಡ್ದೆ ಇದ್ರೂ ನಮ್ಮದೇ.”

“ಹುಚ್ಚು,” ಎಂದ ದೇವಪ್ಪ.

ಭವ್ಯಳಿಗೂ ಹುಚ್ಚೇ ಅನ್ನಿಸಿತು. ಆದರೆ ಸುಳ್ಳು ಹೇಳುವವನು ಇಷ್ಟು ಹೊತ್ತಿಗೆ ನುಣುಚಿಕೊಳ್ಳುತ್ತಿದ್ದ. ಮಾತು ತಿರುಗಿಸುತ್ತಿದ್ದ, ಅಜ್ಜಿಗೆ ವಯಸ್ಸಾಯಿತು ಎನ್ನುತ್ತಿದ್ದ. ಅಂಥವರನ್ನು ಅವಳು ವಾರಕ್ಕೆ ನಾಲ್ಕು ಜನರನ್ನು ನೋಡುತ್ತಾಳೆ. ಇವನು ತನಗೆ ನಷ್ಟವಾಗುವುದನ್ನೇ ಎರಡು ಸಲ ಹೇಳಿದ್ದ.

“ತೋರ್ಸಿ,” ಎಂದು ಅವಳು ಬ್ಯಾಗು ತೆಗೆದುಕೊಂಡಳು. “ನೋಡ್ತೀನಿ.”

ಇಬ್ಬರೂ ಇಳಿಜಾರಿನಲ್ಲಿ ಇಳಿದರು. ಹುಲ್ಲಿನ ನಡುವೆ ಕಾಲಿಟ್ಟಾಗ ಅವಳಿಗೆ ಮೊದಲು ಕಂಡದ್ದು ಗದ್ದೆಯ ಅಂಚು. ದೂರದಿಂದ ಎಲ್ಲ ಒಂದೇ ಹುಲ್ಲುಗಾವಲಿನ ಹಾಗೆ ಕಂಡಿತ್ತು. ಹತ್ತಿರ ಬಂದರೆ ಮೊಣಕಾಲೆತ್ತರದ ಮಣ್ಣಿನ ಅಂಚುಗಳು ಎಡಕ್ಕೂ ಬಲಕ್ಕೂ ನೇರವಾಗಿ ಹೋಗಿದ್ದವು. ಹಾರೆಯಲ್ಲಿ ಕಡಿದು, ಹಸಿ ಮಣ್ಣು ಮೆತ್ತಿದ ಗುರುತು. ಹತ್ತು ದಿನದ ಹಿಂದಿನ ಕೆಲಸ.

“ಯಾರು ಕಟ್ಟಿದ್ದು?”

“ನಾನು. ವರ್ಷ ವರ್ಷ ಕಟ್ತೀವಿ. ನೀರು ಇಳಿದ ಕೂಡ್ಲೇ ಒಬ್ಬೊಬ್ರು ಅವರವರ ಗದ್ದೆ ಅಂಚು ಸರಿ ಮಾಡ್ತಾರೆ. ನೀರಲ್ಲಿ ಇದ್ದು ಇದ್ದು ಕರಗಿರ್ತದಲ್ಲ.”

“ಆಗಸ್ಟಿಗೆ ಮತ್ತೆ ಮುಳುಗತ್ತೆ.”

“ಜುಲೈಗೇ ಮುಳುಗತ್ತೆ.”

“ಮತ್ಯಾಕೆ ಕಟ್ತೀರಿ?”

ಅವಿನಾಶ ಯೋಚಿಸಿದ. ಅವನಿಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. “ಹುಲ್ಲು ಕೊಯ್ಯಬೇಕಲ್ಲ. ಯಾರ ಗದ್ದೆ ಹುಲ್ಲು ಅವರಿಗೆ. ಅಂಚಿಲ್ದಿದ್ರೆ ಜಗಳ.” ಅಂಚಿನಿಂದ ಜಾರಿದ ಹೆಂಟೆಯೊಂದನ್ನು ಕಾಲಲ್ಲಿ ಒತ್ತಿ ಹೇಳಿದ. “ನಮ್ಮಪ್ಪ ಕಟ್ಟಿದ್ರು. ಒಂದು ವರ್ಷ ನಾನು ಬಿಟ್ಟೆ, ಅಂಗಡೀಲಿ ಕೆಲ್ಸ ಜಾಸ್ತಿ ಅಂತ. ಅಜ್ಜಿ ಎರಡು ತಿಂಗಳು ಮಾತಾಡ್ಲಿಲ್ಲ.”

ಮೂಲೆಯಲ್ಲಿ ಕಲ್ಲು ನೆಟ್ಟಿತ್ತು. ಹಳೆಯ ಸರ್ವೆ ಕಲ್ಲು, ಪಾಚಿ ಒಣಗಿ ಬಿಳಿಯಾಗಿತ್ತು. ಭವ್ಯ ಕೂತು ಅದನ್ನು ಅಲುಗಿಸಿ ನೋಡಿದಳು. ಅಲುಗಲಿಲ್ಲ. ಸುತ್ತ ಮಣ್ಣು ಕೆದಕಿ ನೋಡಿದಳು. ಕಿತ್ತು ನೆಟ್ಟ ಕಲ್ಲಿನ ಬುಡ ಅವಳಿಗೆ ಗೊತ್ತು. ಕಳೆದ ತಿಂಗಳಷ್ಟೇ ಕೊಪ್ಪದ ಕಡೆಯ ಒಂದು ತೋಟದಲ್ಲಿ, ಒಂದೇ ತಾಯಿಯ ಇಬ್ಬರು ಮಕ್ಕಳಲ್ಲಿ ಒಬ್ಬ ಒಂದೂವರೆ ಅಡಿಗಾಗಿ ಕಲ್ಲು ಸರಿಸಿ, ಅದರ ಮೇಲೆ ಬಾಳೆಗಿಡ ನೆಟ್ಟಿದ್ದನ್ನು ಅವಳು ಅಗೆಸಿ ತೋರಿಸಿದ್ದಳು. ಅದಕ್ಕೆ ಅವರಿಬ್ಬರೂ ಒಟ್ಟಾಗಿ ಅವಳನ್ನು ಬೈದಿದ್ದರು. ಪಟ್ಟಾ, ಪಹಣಿ, ನಕ್ಷೆ ಎಲ್ಲ ಇದ್ದ ಜನ ಅವರು. ಇಲ್ಲಿ ಕಾಗದವೇ ಇಲ್ಲ, ಕೇಳುವವರಿಲ್ಲ, ವರ್ಷದ ಒಂಬತ್ತು ತಿಂಗಳು ನೀರು ಎಲ್ಲವನ್ನೂ ಮುಚ್ಚಿಡುತ್ತದೆ. ಆದರೂ ಈ ಕಲ್ಲು ಅರವತ್ತು ವರ್ಷದಿಂದ ಇದ್ದಲ್ಲೇ ಇತ್ತು.

ಅವಳು ಬ್ಯಾಗಿನಿಂದ ನೂರು ಅಡಿಯ ಟೇಪು ತೆಗೆದಳು.

“ತುದಿ ಹಿಡ್ಕೊಳ್ಳಿ. ಕಲ್ಲಿನ ನಡುಮಧ್ಯಕ್ಕೆ. ಬಿಗಿಯಾಗಿ.”

“ಅಳೀತೀರಾ?”

“ನಾಲ್ಕು ಎಕರೆ ಅಂದ್ರಲ್ಲ. ನೋಡಾಣ.”

ಮೂವತ್ಮೂರು ಅಡಿಗೆ ಒಂದು ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. ನಲವತ್ತು ಗುಂಟೆಗೆ ಎಕರೆ. ಮೂರು ಸರಪಳಿಗೆ, ಅಂದರೆ ತೊಂಬತ್ತೊಂಬತ್ತು ಅಡಿಗೊಮ್ಮೆ ಅವಳು ಗೂಟ ಚುಚ್ಚಿ ಗುರುತು ಮಾಡುತ್ತಾ ನಡೆದಳು. ಅವಿನಾಶ ಹೇಳಿದಲ್ಲಿ ನಿಂತ, ಎಳೀರಿ ಎಂದಾಗ ಎಳೆದ, ಟೇಪು ಸೊಟ್ಟಗಾದಾಗ ತಾನೇ ಸರಿ ಮಾಡಿದ. ಎರಡನೆಯ ಗೂಟಕ್ಕೆ ಬರುವಷ್ಟರಲ್ಲಿ ಅವನಿಗೆ ಕೆಲಸ ಬಂದಿತ್ತು. ಕಲಿಸದೆ ಕಲಿಯುವವರನ್ನು ಕಂಡರೆ ಭವ್ಯಳಿಗೆ ಇಷ್ಟ. ಆದರೆ ಅದನ್ನು ಅವಳು ತೋರಿಸಿಕೊಳ್ಳಲಿಲ್ಲ.

ಪಕ್ಕದ ಗದ್ದೆಯಲ್ಲಿ ಹುಲ್ಲು ಕೊಯ್ಯುತ್ತಿದ್ದ ಮುದುಕನೊಬ್ಬ ಕತ್ತಿ ಹಿಡಿದುಕೊಂಡೇ ಓಡಿಬಂದ. ನೆರೆಮನೆಯ ಬೂತಪ್ಪ.

“ಏಯ್ ಅವಿ, ಯಾರು ಇವರು? ಸರ್ಕಾರದೋರಾ? ಯಾಕೆ ಅಳೀತಿದಾರೆ?”

“ಸರ್ಕಾರದೋರಲ್ಲ ಬೂತಪ್ಪಣ್ಣ. ಮನೆ ನೋಡೋಕೆ ಬಂದಿದಾರೆ.”

“ಟೇಪು ಹಿಡ್ಕಂಡು ಮನೆ ನೋಡ್ತಾರಾ?” ಬೂತಪ್ಪ ಭವ್ಯಳ ಮುಂದೆ ಬಂದು ನಿಂತ. “ನೋಡಮ್ಮ, ಅಳೆಯೋದಾದ್ರೆ ಸರಿಯಾಗಿ ಅಳಿ. ಈ ಅಂಚಿಂದ ಆಚೆ ನಮ್ದು. ನಮ್ಮಪ್ಪನ ಕಾಲದಿಂದ ಒಂದು ಗೇಣು ಈಚೆ ಬಂದಿಲ್ಲ, ಇವರನ್ನ ಒಂದು ಗೇಣು ಆಚೆ ಬರಕ್ಕೆ ಬಿಟ್ಟಿಲ್ಲ. ಬೇಕಾದ್ರೆ ಇವನನ್ನೇ ಕೇಳು.”

“ಹೌದಾ?” ಎಂದು ಭವ್ಯ ಅವಿನಾಶನನ್ನು ನೋಡಿದಳು.

“ಹೌದು. ಒಂದ್ಸಲ ನಮ್ಮ ಎಮ್ಮೆ ಆಚೆ ಹೋಗಿದ್ದಕ್ಕೆ ಪಂಚಾಯ್ತಿ ಸೇರ್ಸಿದ್ರು.”

“ಸೇರ್ಸದೆ ಮತ್ತೆ? ಹುಲ್ಲು ನಿಂದಾ?” ಎಂದು ಬೂತಪ್ಪ ಗುಡುಗಿದ. ಆಮೇಲೆ, ಕೇಳದೆಯೇ, ಕೆಳಗಿನ ಕಲ್ಲುಗಳು ಎಲ್ಲಿವೆ ಎಂದು ಕೈ ತೋರಿಸಿದ. “ಇವರ ಕೆಳಗಿನ ಅಂಚು ಆ ಬೊಡ್ಡೆ ನೇರಕ್ಕೆ, ನೀರಲ್ಲಿದೆ. ಪೂರಾ ಬರಗಾಲ ಬಂದ್ರೆ ಮಾತ್ರ ಕಾಣ್ತದೆ.”

ಅಳೆದು ಮುಗಿಸುವಾಗ ಮಧ್ಯಾಹ್ನದ ಬಿಸಿಲು ನೆತ್ತಿಗೆ ಬಂದಿತ್ತು. ಭವ್ಯ ನೀರಿನ ಅಂಚಿನಲ್ಲಿ ಚಪ್ಪಲಿ ಬಿಟ್ಟು, ಮೊಣಕಾಲಿನವರೆಗೆ ಇಳಿದು ಮುಂದಿನ ಕಲ್ಲಿಗಾಗಿ ಕಾಲಿನಲ್ಲಿ ತಡಕಾಡಿದಳು. ಕೆಸರು ಬಿಟ್ಟರೆ ಏನೂ ಸಿಗಲಿಲ್ಲ. ಮೇಲಿನಿಂದ ದೇವಪ್ಪ ಕೂಗಿದ. “ಹತ್ತು ಮೇಲೆ, ಹತ್ತು! ಹೂಳಿನಲ್ಲಿ ಹೂತುಹೋಗ್ತೀಯ!” ಅವಳು ಹತ್ತಿ ಬಂದು, ನೋಟ್‌ಬುಕ್ ತೆಗೆದು ಅಲ್ಲೇ ಲೆಕ್ಕ ಹಾಕಿದಳು. ಹದಿನಾಲ್ಕು ಸರಪಳಿ ಅಗಲ. ನೀರಿನವರೆಗೆ ಒಂಬತ್ತು ಸರಪಳಿ ಉದ್ದ.

ಜಗಲಿಗೆ ಬಂದಾಗ ಅಜ್ಜಿ ಕೂತಲ್ಲೇ ಕೂತಿದ್ದಳು. ಅವಳ ಕಣ್ಣು ಅಷ್ಟು ಹೊತ್ತೂ ಟೇಪಿನ ಮೇಲೆಯೇ ಇತ್ತು.

“ಎಷ್ಟಾಯ್ತು?”

“ಮೂರು ಎಕರೆ ಆರು ಗುಂಟೆ.”

“ಏನು?” ಅಜ್ಜಿ ಕಂಬ ಬಿಟ್ಟು ನೆಟ್ಟಗೆ ಕೂತಳು. “ನಾಲ್ಕು!”

“ಮೂರು ಎಕರೆ ಆರು ಗುಂಟೆ ಅಜ್ಜಿ.”

ಸುಳ್ಳು ಹೇಳಿ ಮುದುಕಿಯನ್ನು ಸಂತೋಷಪಡಿಸಬಹುದಿತ್ತು. ಆ ಯೋಚನೆ ಭವ್ಯಳಿಗೆ ಬರಲೇ ಇಲ್ಲ. ಅವಳು ಅವಿನಾಶನನ್ನು ನೋಡಿದಳು. ಅವನು ಏನು ಹೇಳುತ್ತಾನೆ ಎಂಬುದು ಅವಳಿಗೆ ಈಗ ನಿಜವಾಗಿ ಬೇಕಿತ್ತು.

“ಟೇಪು ನಾನೇ ಹಿಡಿದಿದ್ದು ಅಜ್ಜಿ,” ಎಂದ ಅವಿನಾಶ. “ಅಷ್ಟೇ ಇರೋದು.”

“ಹಂಗಾದ್ರೆ ಆ ಟೇಪೇ ಸರಿಯಿಲ್ಲ!”

ಅಷ್ಟರವರೆಗೆ ಮುಖ ದಪ್ಪ ಮಾಡಿಕೊಂಡು ಕೂತಿದ್ದ ದೇವಪ್ಪ ಇದ್ದಕ್ಕಿದ್ದ ಹಾಗೆ ಎದ್ದು ನಿಂತ. “ಎಂತಮ್ಮ ನೀವು ಹೇಳೋದು? ನನ್ನ ಮಗಳ ಟೇಪು ಸರಿಯಿಲ್ವಾ? ಕೊಪ್ಪ ತಾಲ್ಲೂಕಲ್ಲಿ ಐದು ವರ್ಷದಿಂದ ಅಳೀತಿದಾಳೆ. ಅಣ್ಣ ತಮ್ಮಂದಿರು ಕತ್ತಿ ಹಿಡ್ಕಂಡು ನಿಂತಿದ್ರೂ ಒಂದಂಗುಲ ಆಚೀಚೆ ಬರೆದೋಳಲ್ಲ. ಇವಳು ಅಳೆದದ್ದನ್ನ ಮತ್ತೊಬ್ರು ಬಂದು ಅಳೆದು, ತಪ್ಪು ಅಂತ ಇವತ್ತಿನ ತನಕ ಹೇಳಿಲ್ಲ. ಇವಳು ಮೂರು ಎಕರೆ ಆರು ಗುಂಟೆ ಅಂದ್ರೆ ಅದು ಮೂರು ಎಕರೆ ಆರು ಗುಂಟೆ!”

ಅಪ್ಪ ಇಂಥ ಮಾತನ್ನು ಅವಳೆದುರು ಯಾವತ್ತೂ ಆಡಿದವನಲ್ಲ. ಬಿಸಿಲಲ್ಲಿ ಸುತ್ತುವ ಕೆಲಸ, ಹೆಣ್ಣುಮಕ್ಕಳದ್ದಲ್ಲ ಎಂದು ಬೈಯುತ್ತಲೇ ಬಂದವನು. ಭವ್ಯ ಟೇಪು ಸುತ್ತುವುದನ್ನು ನಿಲ್ಲಿಸಿ ಅವನನ್ನು ನೋಡಿದಳು. ಅವನು ಬೇರೆ ಕಡೆ ನೋಡಿ ಗಂಟಲು ಸರಿಮಾಡಿಕೊಂಡ.

ಅಜ್ಜಿಯೂ ಸೋಲುವವಳಲ್ಲ. “ನಮ್ಮ ಮಾವನೂ ಸುಳ್ಳು ಹೇಳೋರಲ್ಲ.”

“ಅವರು ಸುಳ್ಳು ಹೇಳಿದ್ರು ಅಂತ ನಾನು ಹೇಳ್ಲಿಲ್ಲ ಅಜ್ಜಿ,” ಎಂದಳು ಭವ್ಯ. “ನಾನು ಅಳೆದಿದ್ದು ನೀರಿನ ತನಕ. ಕೆಳಗಿನ ಅಂಚು ನೀರೊಳಗಿದೆ. ಅಲ್ಲಿ ಇನ್ನು ಎರಡೂವರೆ ಸರಪಳಿ ಇದ್ರೆ ನಾಲ್ಕು ಎಕರೆ ಆಗ್ತದೆ. ಇದೆಯೋ ಇಲ್ವೋ ನಂಗೆ ಗೊತ್ತಿಲ್ಲ. ಅಳೀದೆ ನಾನು ಹೇಳಲ್ಲ.”

“ಯಾವಾಗ ಅಳೀತೀಯ?”

“ನೀರು ಪೂರ್ತಿ ಇಳಿದ ವರ್ಷ.”

“ಅದು ಹೋದ್ಸಲ ಇಳಿದಿದ್ದು ಎಂಟು ವರ್ಷದ ಹಿಂದೆ. ಮುಂದೆ ಯಾವಾಗ ಇಳೀತದೋ. ನೀನು ಅಲ್ಲಿ ಹರಿಹರಪುರದಿಂದ ನೀರು ಕಾಯ್ತಾ ಕೂರ್ತೀಯಾ?”

“ಹರಿಹರಪುರದಿಂದ ಯಾಕೆ? ಮೇ ತಿಂಗಳಲ್ಲಿ ಈ ಅಂಚು ಕಟ್ಟೋಕೆ ಇಬ್ರು ಬೇಕಾಗ್ತದೆ. ಕಟ್ಟುವಾಗ ನೀರು ನೋಡ್ತಾ ಇರ್ತೀನಿ.”

ಮೊದಲು ಅರ್ಥವಾದದ್ದು ಯಮುನಮ್ಮನಿಗೆ. ಅವರು ಸೆರಗು ಬಾಯಿಗೆ ಹಿಡಿದು ಒಳಗೆ ಹೋದರು. ಆಮೇಲೆ ಅರ್ಥವಾದದ್ದು ಅವಿನಾಶನಿಗೆ. ಅವನ ಕಿವಿಯವರೆಗೆ ನಗು ಬಂತು. ಅದನ್ನು ಅಡಗಿಸಲು ಅವನು ಗೋಡೆಗೆ ಒರಗಿಸಿದ್ದ ಹಾರೆಯನ್ನು ತೆಗೆದು ಇನ್ನೊಂದು ಕಡೆ ಒರಗಿಸಿದ.

“ಏಯ್,” ಎಂದ ದೇವಪ್ಪ. “ನನ್ನ ಒಂದು ಮಾತು ಕೇಳದೇ…”

“ಕೇಳು ಅಂದ್ರೆ ಕೇಳ್ತೀನಿ. ಏನಂತೀಯ?”

ದೇವಪ್ಪ ಅವಿನಾಶನನ್ನು ನೋಡಿದ, ಕೆಳಗಿನ ಅಂಚುಗಳನ್ನು ನೋಡಿದ. ಗದ್ದೆ ಮಾಡಿದ ಕೈ ಅವನದು. ನೇರವಾಗಿ ಕಟ್ಟಿದ ಅಂಚು ಕಂಡರೆ ಗುರುತು ಸಿಗುತ್ತದೆ.

“ಅಂಚು ಚೆನ್ನಾಗಿ ಕಟ್ಟಿದಾನೆ,” ಎಂದ ಕೊನೆಗೆ, ಒಪ್ಪಲು ಮನಸ್ಸಿಲ್ಲದವನ ಹಾಗೆ. “ಬಾವಿ ಎಲ್ಲಿದೆ? ಅದನ್ನಾದ್ರೂ ನಾನು ನೋಡ್ಬೇಕು.”

ಅಜ್ಜಿಗೆ ಇದೆಲ್ಲ ಬೇಕಿರಲಿಲ್ಲ. ಅವಳು ಕಂಬ ಹಿಡಿದು ಎದ್ದು ನಿಂತು, ಪಕ್ಕದ ಗದ್ದೆಯಲ್ಲಿ ಮತ್ತೆ ಹುಲ್ಲು ಕೊಯ್ಯಲು ಬಗ್ಗಿದ್ದ ಮುದುಕನಿಗೆ ಕೇಳಿಸುವ ಹಾಗೆ ಕೂಗಿದಳು.

“ಬೂತಪ್ಪಾ! ನಿಂದೂ ಅಳೆಸ್ಕಳ್ತೀಯೇನೋ? ನಮ್ಮ ಮನೇಲಿ ಈಗ ಸರ್ವೆಯರ್ ಇದಾಳೆ!”